ಒಂದು ಬಟ್ಟಲು ಬೇಳೆ

ಬೇಡಕಿಹಾಳದ ಸೋನಾಬಾಯಿಯ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ತೊಗರಿಬೇಳೆ ಬೆಂದಿಲ್ಲ. ಬಡತನ ಎನ್ನಬೇಡಿ, ವ್ರತ ಎನ್ನಬೇಡಿ. ಹುರುಳಿ ಬೇಯುತ್ತದೆ, ಮಡಕಿಕಾಳು ಬೇಯುತ್ತದೆ, ಹೆಸರು ಬೇಯುತ್ತದೆ. ತೊಗರಿ ಮಾತ್ರ ಹೊಸ್ತಿಲು ದಾಟಿಲ್ಲ. ಯಾರಾದರೂ ಸುಗ್ಗಿಯಲ್ಲಿ ಪ್ರೀತಿಯಿಂದ ಒಂದು ಸೇರು ತೊಗರಿಬೇಳೆ ಕೊಟ್ಟರೆ, ಅದನ್ನು ಚೀಲ ಸಮೇತ ಪಕ್ಕದ ಮನೆಯ ಕಟ್ಟೆಯ ಮೇಲಿಟ್ಟು ಹಿಂದಿರುಗಿ ನೋಡದೆ ಬರುತ್ತಾಳೆ.

ಇನ್ನೊಂದು ಸಂಗತಿಯೂ ಇದೆ. ಆ ಮನೆಯಲ್ಲಿ ಗಂಡಹೆಂಡತಿ ಮಾತಾಡುವುದಿಲ್ಲ. ಅದಕ್ಕೂ ಹತ್ತೊಂಬತ್ತೇ ವರ್ಷ. ಇರುವವರು ಇಬ್ಬರೇ, ಅವಳು ಮತ್ತು ಅವಳ ಗಂಡ ಲಗಮಣ್ಣ. ಊರವರ ಕಬ್ಬಿಗೆ ನೀರು ಬಿಡುವುದು ಅವನ ಕೆಲಸ. ಹೇಳಲೇಬೇಕಾದದ್ದು ಏನಾದರೂ ಇದ್ದರೆ ಇಬ್ಬರೂ ಹಿತ್ತಲಿನ ಎಮ್ಮೆಗೆ ಹೇಳುತ್ತಾರೆ. "ರೊಟ್ಟಿ ಬುಟ್ಟ್ಯಾಗ ಅದಾವ, ನಾ ಹೊಂಟೀನಿ," ಎಂದು ಅವಳು ಎಮ್ಮೆಯ ಮೂತಿಗೆ ಮೇವು ಒಡ್ಡುತ್ತಾ ಕೂಗುತ್ತಾಳೆ. "ಇವತ್ತ ಮ್ಯಾಲಿನ ಹೊಲದ ಪಾಳಿ ಐತಿ, ಬರೂದು ತಡಾ ಆಗತೈತಿ," ಎಂದು ಅವನೂ ಎಮ್ಮೆಯ ಬೆನ್ನು ತಟ್ಟಿ ಹೋಗುತ್ತಾನೆ. ಇಷ್ಟರಲ್ಲಿ ಮೂರು ಎಮ್ಮೆ ಬದಲಾದವು, ಪದ್ಧತಿ ಬದಲಾಗಲಿಲ್ಲ. ಊರವರು ಮೊದಮೊದಲು ನಕ್ಕರು. ಆಮೇಲೆ ನಗುವುದನ್ನೂ ಬಿಟ್ಟರು.

ಸೋನಾಬಾಯಿಯ ಕೆಲಸ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು. ಅತ್ತೆಯಿಂದ ಕಲಿತದ್ದು. ಅರವತ್ತು ದಾಟಿದರೂ ಅವಳ ಕೈಗೆ ಮುಪ್ಪು ಬಂದಿಲ್ಲ. ಕೈ ಸೋಕಿದರೆ ಸಾಕು, ಹಟಮಾರಿ ಕೂಸೂ ಕಣ್ಣು ಮುಚ್ಚುತ್ತದೆ. ಲಿಂಗಾಯತರ ಮನೆ, ಜೈನರ ಮನೆ, ಮರಾಠರ ಮನೆ ಎಂಬ ಭೇದವಿಲ್ಲದೆ ಎಲ್ಲರ ಬಚ್ಚಲಿಗೂ ಅವಳು ಬೇಕು. ಬಾಯಿ ಮಾತ್ರ ಬಲು ಜೋರು. "ನಿನ್ನ ಮಗಳಿಗೆ ನೀ ಅವ್ವ ಇರಬಹುದು, ಬಾಣಂತನಕ್ಕ ನಾ ಅವ್ವ," ಎಂದು ಎಂಥ ಮನೆಯ ಯಜಮಾನತಿಯನ್ನೂ ಅಡುಗೆಮನೆಯಿಂದ ಹೊರಗೆ ಕಳಿಸುತ್ತಾಳೆ.

ಅತ್ತೆಯ ಕಾಲದಲ್ಲಿ ಬಾಣಂತಿಗೆ ಅಂಟಿನ ಉಂಡೆ, ಅಳವಿ ಪಾಯಸ, ಸಬ್ಬಸಗಿ ಪಲ್ಯ, ತುಪ್ಪ ಸುರಿದ ಅನ್ನ. ಆಗ ಹೊಟ್ಟೆ ಕೊಯ್ಯುವವರೂ ಇರಲಿಲ್ಲ, ಹೊಲಿಯುವವರೂ ಇರಲಿಲ್ಲ. ಈಗ ಎರಡು ಮನೆಗೆ ಒಬ್ಬಳು ಚಿಕ್ಕೋಡಿಯಿಂದಲೋ ನಿಪ್ಪಾಣಿಯಿಂದಲೋ ಸಿಜರ್ ಮಾಡಿಸಿಕೊಂಡು, ಹೊಟ್ಟೆಯ ಮೇಲೆ ಟಾಕಿ ಹಾಕಿಸಿಕೊಂಡು ಬರುತ್ತಾಳೆ. ಟಾಕಿ ಎಂದರೆ ಹೊಲಿಗೆ. ಟಾಕಿ ಬಿದ್ದ ಬಾಣಂತಿಗೆ ಸೋನಾಬಾಯಿ ತನ್ನದೇ ಒಂದು ಪಥ್ಯ ಕಟ್ಟಿದ್ದಳು. ನಲವತ್ತು ದಿನ ಬೇಳೆ ಇಲ್ಲ, ಕಾಳು ಇಲ್ಲ, ಶೇಂಗಾ ಇಲ್ಲ, ಕುಂಬಳ ಬದನೆ ಇಲ್ಲ, ತತ್ತಿ ತಿನ್ನುವವರಿಗೆ ತತ್ತಿಯೂ ಇಲ್ಲ. ಹಾಲು ಚಹಾಕ್ಕೆ ಬಿದ್ದಷ್ಟೇ. ಅಂಟಿನ ಉಂಡೆಯ ಡಬ್ಬಿ ಅಟ್ಟದ ಮೇಲೆ. ಬಾಣಂತಿಗೆ ಸಿಕ್ಕುವುದು ಮೆತ್ತಗಿನ ಅನ್ನ, ಮೆಣಸಿನ ನೀರು, ತೆಳ್ಳಗಿನ ಒಂದು ಜೋಳದ ರೊಟ್ಟಿ. ಬೇಳೆಕಾಳು ತಿಂದರೆ ಟಾಕಿಯಲ್ಲಿ ಕೀವು ಹಿಡಿಯುತ್ತದೆ ಎಂಬುದು ಅವಳ ಶಾಸ್ತ್ರ. ಕಾಲಿಗೆ ಕುಡುಗೋಲು ತಾಗಿದವರಿಗೆ ಹಿರಿಯರು ಹೇಳುತ್ತಿದ್ದ ಮಾತನ್ನು ತಂದು ಹೊಟ್ಟೆ ಕೊಯ್ಸಿಕೊಂಡವರ ತಲೆಗೆ ಕಟ್ಟಿದ್ದಳು, ಅಷ್ಟೇ. ಆದರೆ ಅದನ್ನು ಯಾರೂ ಪ್ರಶ್ನಿಸುವ ಹಾಗಿರಲಿಲ್ಲ. ಪ್ರಶ್ನಿಸಿದವರಿಗೆ ಅವಳು ತನ್ನ ಮಗಳ ಕಥೆ ಹೇಳುತ್ತಿದ್ದಳು. ಆ ಕಥೆ ಕೇಳಿದ ಮೇಲೆ ಯಾವ ತಾಯಿಯ ಕೈಯೂ ಬೇಳೆಯ ಡಬ್ಬಿಗೆ ಹೋಗುತ್ತಿರಲಿಲ್ಲ.

ಮಗಳು ದಾನೇಶ್ವರಿ. ಒಬ್ಬಳೇ ಮಗಳು. ಮುಗಳಖೋಡಕ್ಕೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಕೂಸು ಅಡ್ಡಲಾಗಿ ಹೊಟ್ಟೆ ಕೊಯ್ಯಬೇಕಾಯಿತು. ಆಗ ಊರಿಗೆ ಅದು ಹೊಸದು. ಸೋನಾಬಾಯಿ ಹೆದರಿದಳು. ಹತ್ತಾರು ಜನರನ್ನು ಕೇಳಿದಳು, ಹತ್ತಾರು ಜನ ಹೇಳಿದ್ದನ್ನೆಲ್ಲ ಸೇರಿಸಿ ಮಗಳಿಗೆ ಪಥ್ಯ ಹಿಡಿಸಿದಳು. ಹದಿನೈದು ದಿನ ಅನ್ನ, ಮೆಣಸಿನ ನೀರು. "ಅವ್ವಾ, ಹೊಟ್ಟಿ ಹಸದೈತಿ. ಏನರ ಗಟ್ಟಿ ಕೊಡ ಬೇ," ಎಂದು ಮಗಳು ಗೋಗರೆಯುತ್ತಿದ್ದಳು. ಇವಳು ಕಣ್ಣು ಕಿಸಿದು ಗದರಿಸುತ್ತಿದ್ದಳು. ಗದರಿಸಿ ಹಿತ್ತಲಿಗೆ ಹೋಗಿ ತಾನು ಅಳುತ್ತಿದ್ದಳು.

ಹದಿನಾರನೆಯ ದಿನ ಬೇರೆ ಮನೆಯ ಬಾಣಂತಿಗೆ ನೀರು ಹಾಕಿ ಬಂದು ನೋಡುತ್ತಾಳೆ, ಮಗಳ ಹೊರಸಿನ ಕೆಳಗೆ ಒಂದು ಬಟ್ಟಲು. ಬಟ್ಟಲ ಅಂಚಿಗೆ ಹಳದಿ. ಮೂಸಿದಳು. ಬೇಳೆ. ಲಗಮಣ್ಣ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅದಾದ ಮೂರನೆಯ ದಿನಕ್ಕೆ ದಾನೇಶ್ವರಿಗೆ ಜ್ವರ ಬಂತು, ಟಾಕಿ ಬಿಚ್ಚಿತು, ಕೀವು ಬಂತು. ಇಪ್ಪತ್ತೆರಡನೆಯ ದಿನ ಚಿಕ್ಕೋಡಿಗೆ ಒಯ್ಯುವಾಗ ಟೆಂಪೋದಲ್ಲೇ ಜೀವ ಬಿಟ್ಟಳು. ಕೂಸನ್ನು ಮುಗಳಖೋಡದವರು ಒಯ್ದರು. ಸೋನಾಬಾಯಿ ಮಣ್ಣು ಮಾಡಿ ಬಂದವಳು ಗಂಡನ ಮುಂದೆ ನಿಂತು, "ನೀ ಕೊಂದಿ. ನಿನ್ನ ಬಟ್ಟಲ ಕೊಂದೈತಿ," ಎಂದಳು. ಅವನೊಂದಿಗೆ ಆಡಿದ ಕೊನೆಯ ಮಾತು ಅದು. ಅವನು ಒಂದು ದಿನವೂ ಎದುರಾಡಲಿಲ್ಲ. ಎದುರಾಡಲು ಅವನ ಹತ್ತಿರವಾದರೂ ಏನಿತ್ತು? ಅವನೂ ಅದನ್ನೇ ನಂಬಿದ್ದ.

ಈ ವರ್ಷ ಶ್ರಾವಣಕ್ಕೆ ಮುಂಚೆ ಅದೇ ಊರಿನ ನೇಮಿನಾಥನ ಮಗಳು ಕಾಜಲ ಹೆರಿಗೆಗೆ ತವರಿಗೆ ಬಂದಳು. ಜೈನರು, ನಾಲ್ಕು ಎಕರೆ ಕಬ್ಬು, ಸಣ್ಣದೊಂದು ಗೊಬ್ಬರದ ಅಂಗಡಿ. ಅಥಣಿ ಕಡೆಯ ಜಿನೇಂದ್ರನಿಗೆ ಕೊಟ್ಟಿದ್ದರು. ಕಾಜಲ ಹುಟ್ಟಿದಾಗ ಅವಳ ತಾಯಿ ತ್ರಿಶಲಾಬಾಯಿಗೆ ನೀರು ಹಾಕಿದವಳು ಸೋನಾಬಾಯಿಯೇ. ಈಗ ಕಾಜಲಳಿಗೂ ಸಿಜರ್ ಆಯಿತು, ಗಂಡು ಕೂಸು ಹುಟ್ಟಿತು. ದವಾಖಾನೆಯವರು ಚೆನ್ನಾಗಿ ಊಟ ಮಾಡಿಸಿ ಎಂದೇ ಕಳಿಸಿದ್ದರು. ತ್ರಿಶಲಾಬಾಯಿ ಅದನ್ನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟಳು. ಮನೆಗೆ ಬಂದ ದಿನವೇ ಸೋನಾಬಾಯಿಯ ಪಥ್ಯ ಶುರುವಾಯಿತು.

ಪಥ್ಯ ಎಲ್ಲರಿಗೂ ಒಂದೇ, ಆದರೆ ಈ ಮನೆಗೆ ಅದು ಎರಡು ಪಾಲು ಬಿಗಿಯಾಯಿತು. ಜೈನರ ಮನೆಯಲ್ಲಿ ತತ್ತಿ, ಮಾಂಸ ಹೇಗೂ ಇಲ್ಲ. ಗೆಡ್ಡೆಗೆಣಸು ಇಲ್ಲ. ಚಾತುರ್ಮಾಸ ಹಿಡಿದ ಮೇಲೆ ಸೊಪ್ಪು, ತಪ್ಪಲಪಲ್ಯವೂ ಇಲ್ಲ. ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. ಉಳಿಯುವುದು ಬೇಳೆ, ಕಾಳು, ಶೇಂಗಾ, ಹಾಲು. ಅವನ್ನೂ ಸೋನಾಬಾಯಿ ಕಿತ್ತುಕೊಂಡಳು. ಕಾಜಲ ಮರುಮಾತಾಡದ ಹುಡುಗಿ. ಕೊಟ್ಟಷ್ಟು ಉಂಡಳು, ಕೂಸಿಗೆ ಮೊಲೆ ಕೊಟ್ಟಳು, ದಿನದಿನಕ್ಕೆ ಬೆಳ್ಳಗಾದಳು.

ಹದಿನೈದನೆಯ ದಿನಕ್ಕೆ ಮೈ ಬಿಸಿಯಾಯಿತು. ಹದಿನೆಂಟನೆಯ ದಿನ ಸೋನಾಬಾಯಿ ಎಣ್ಣೆ ಹಚ್ಚಲು ಸೀರೆ ಸರಿಸಿದರೆ ಟಾಕಿಯ ಒಂದು ತುದಿ ಬಾಯಿ ಬಿಟ್ಟಿದೆ. ಒಂದು ಬೆರಳಗಲ. ಒಳಗೆ ಬೂದುಬಣ್ಣ, ಅಂಚಿಗೆ ಕೀವು. ಕಣ್ಣಿಗಿಂತ ಮೊದಲು ಅವಳ ಮೂಗಿಗೆ ತಿಳಿಯಿತು. ಹತ್ತೊಂಬತ್ತು ವರ್ಷದ ಹಿಂದೆ ತನ್ನ ಮನೆಯ ಹೊರಸಿನ ಮೇಲೆ ಬಂದ ಅದೇ ವಾಸನೆ.

ತ್ರಿಶಲಾಬಾಯಿಯನ್ನು ಬಿಸಿನೀರು ತರಲು ಕಳಿಸಿ, ಬಾಗಿಲು ಮುಂದೆ ಮಾಡಿ, ಹುಡುಗಿಯ ಕಿವಿಯ ಹತ್ತಿರ ಬಗ್ಗಿದಳು.

"ಖರೇ ಹೇಳ. ಬ್ಯಾಳಿ ತಿಂದಿ ಹೌದಲ್ಲೋ?"

"ಇಲ್ಲ ಆಯಿ."

"ನಿಮ್ಮವ್ವ ಕೊಟ್ಟಿರತಾಳ. ಇಲ್ಲಾಂದ್ರ ನಿನ್ನ ಗಂಡ ಬಂದಾಗ ಏನರ ತಂದಿರತಾನ. ನಾ ಬೈಯೂದಿಲ್ಲ, ಹೇಳವಾ."

"ಅವ್ವ ಬ್ಯಾಳಿ ಡಬ್ಬಿಗೆ ಕೀಲಿ ಹಾಕ್ಯಾಳ ಆಯಿ, ನೀವ ಹೇಳಿದ್ರಲ್ಲಾ. ಅವರೆಲ್ಲಾ ನನ್ನ ಸಲುವಾಗಿ ಬ್ಯಾಳಿ ಬಿಟ್ಟಾರ."

"ಒಂದ ಚಮಚಾನೂ ಇಲ್ಲ?"

"ಕೂಸಿನ ಆಣಿ ರೀ, ಒಂದ ಅಗಳ ಮುಟ್ಟಿಲ್ಲ." ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಸ್ವಲ್ಪ ತಡೆದು, ತಪ್ಪು ಒಪ್ಪಿಕೊಳ್ಳುವವಳ ಹಾಗೆ ಹೇಳಿದಳು. "ಮೊನ್ನೆ ಕನಸಿನ್ಯಾಗ ಸಾರ ಉಂಡೆ ಆಯಿ. ಹೊಟ್ಟಿ ತುಂಬ ಉಂಡೆ. ಅದಕ್ಕ ಹಿಂಗ ಆತೇನ್ರಿ?"

ಸೋನಾಬಾಯಿ ಸೀರೆಯನ್ನು ಮತ್ತೆ ಗಾಯದ ಮೇಲೆ ಎಳೆದಳು. ನಿಜ ಹೇಳಬೇಕೆಂದರೆ, ಆ ಹುಡುಗಿ ಕದ್ದು ತಿಂದಿರಲಿ ದೇವರೇ ಎಂದು ಅವಳು ಮನಸ್ಸಿನಲ್ಲಿ ಬೇಡಿಕೊಂಡಿದ್ದಳು. ತಿಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಇಷ್ಟು ವರ್ಷ ಹಾಗೆಯೇ ಸರಿಹೋಗಿತ್ತು. ಯಾರದಾದರೂ ಟಾಕಿ ಕೀವಾದರೆ ಅವಳು ಮನೆಯೆಲ್ಲ ಜಾಲಾಡಿ ಒಂದು ಚಮಚದ ಕಳ್ಳನನ್ನು ಹಿಡಿಯುತ್ತಿದ್ದಳು. ಕೆಳಗಿನ ಓಣಿಯ ಮನೀಷಾ ಮೂರು ತಿಂಗಳು ನರಳಿದಾಗ, ಹಾಸಿಗೆಯಡಿ ಸಿಕ್ಕಿದ ಒಂದು ಶೇಂಗಾ ಚಿಕ್ಕಿಯ ಕಾಗದ ತೋರಿಸಿ ಎಲ್ಲರೆದುರು ಅವಳನ್ನು ಅಳಿಸಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಸಾಕ್ಷಿಗೇನು ಬರ? ಆದರೆ ಈ ಸಲ ಡಬ್ಬಿಗೆ ಬೀಗವಿತ್ತು. ಬೇಳೆ ಹೊಟ್ಟೆಗೆ ಹೋಗಿರಲಿಲ್ಲ. ಕೀವು ಬಂದಿತ್ತು.

ನೇಮಿನಾಥ ಕಾರು ತೆಗೆದ. ಕೂಸನ್ನು ಹಿಡಿದುಕೊಂಡು ಸೋನಾಬಾಯಿಯೂ ಹಿಂದಿನ ಸೀಟಿನಲ್ಲಿ ಕೂತಳು. ಚಿಕ್ಕೋಡಿಯ ತನಕ ಕಾಜಲ ತಾಯಿಯ ಹೆಗಲಿಗೆ ಒರಗಿದ್ದಳು.

ದವಾಖಾನೆಯ ಡಾಕ್ಟರಬಾಯಿ ನಲವತ್ತರ ಹೆಂಗಸು, ಅದೇ ಸೀಮೆಯವಳು, ಬೈಯುವುದರಲ್ಲಿ ಸೋನಾಬಾಯಿಗಿಂತ ಒಂದು ಕೈ ಮೇಲು. ಗಾಯ ತೆರೆದು ತೊಳೆದಳು. ಕಾಜಲ ಹಲ್ಲು ಕಚ್ಚಿ ಸೋನಾಬಾಯಿಯ ಕೈ ಹಿಡಿದಿದ್ದಳು. ರಕ್ತ ಪರೀಕ್ಷೆಯ ಕಾಗದ ಬಂತು. ಅದನ್ನು ನೋಡಿ ಡಾಕ್ಟರಬಾಯಿ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದಳು.

"ಮೈಯಾಗ ರಕ್ತನ ಇಲ್ಲಲ್ರೀ ಇಕಿಗೆ! ಏನ ಉಣಸಾಕತ್ತೀರಿ?"

ತ್ರಿಶಲಾಬಾಯಿ ಹೇಳಿದಳು. ಅನ್ನ, ಮೆಣಸಿನ ನೀರು, ಒಂದು ರೊಟ್ಟಿ.

"ನೀವು ತತ್ತಿ ತಿನ್ನೂದಿಲ್ಲ, ಗೊತ್ತೈತಿ. ಚಾತುರ್ಮಾಸ, ತಪ್ಪಲಪಲ್ಯಾ ಇಲ್ಲ, ಅದೂ ಗೊತ್ತೈತಿ. ಬ್ಯಾಳಿಗೇನ ಧಾಡಿ ಆಗಿತ್ರಿ? ಹಾಲಿಗೇನಾಗಿತ್ತು? ಮನ್ಯಾಗ ಗ್ವಾಡಿ ಬಿದ್ದೈತಿ, ಕಟ್ಟಾಕ ಮಣ್ಣ ಕೊಡೂದಿಲ್ಲ ಅಂದ್ರ ಗೌಂಡಿ ಏನ ಮಾಡ್ತಾನ? ನಾ ಔಷಧ ಕೊಟ್ಟ ಕೀವ ಒಣಗಸ್ತೀನಿ. ಮಾಂಸ ಕೂಡೂದು ಉಂಡ ಕೂಳಿನಿಂದ. ಯಾರ ಹೇಳಿದ್ರ ನಿಮಗ ಈ ಪಥ್ಯಾ?"

ತ್ರಿಶಲಾಬಾಯಿಗೆ ಚಾಡಿ ಹೇಳುವ ಸ್ವಭಾವವಲ್ಲ. ಆದರೂ ಅವಳ ಕಣ್ಣು ತಾನಾಗಿ ಸೋನಾಬಾಯಿಯ ಕಡೆ ಹೊರಳಿತು. ಡಾಕ್ಟರಬಾಯಿಗೆ ಅರ್ಥವಾಯಿತು.

"ಆಯಿ, ಬ್ಯಾಳಿಯಿಂದ ಕೀವ ಆಗೂದಿಲ್ಲ," ಎಂದಳು, ದನಿ ಸ್ವಲ್ಪ ಇಳಿಸಿ. "ಹೊಲಸ ಸೇರಿದ್ರ ಕೀವ ಆಗತೈತಿ. ಮೈಯಾಗ ಕಸುವ ಇಲ್ಲಂದ್ರ ಅದು ಮಾಯೂದಿಲ್ಲ. ಇಷ್ಟ ಮಾತು."

ಬೇರೆ ದಿನವಾಗಿದ್ದರೆ ಸೋನಾಬಾಯಿ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದಳು. ಅಂದು ಕೂಸನ್ನು ಎದೆಗೆ ಒತ್ತಿಕೊಂಡು ಕೇಳಿದಳು.

"ಬಾಯಾರ, ಒಂದ ಮಾತ ಕೇಳ್ತೀನಿ. ಒಂದ ಹುಡುಗಿಗೆ ಹಿಂಗ ಹೊಟ್ಟಿ ಕೊಯ್ದಿದ್ರು. ಅಕಿ ಒಂದ ಬಟ್ಟಲ ಬ್ಯಾಳಿ ಉಂಡ್ಲು. ಮೂರನೇ ದಿನಕ್ಕ ಜ್ವರ ಬಂತು, ಟಾಕಿ ಬಿಚ್ಚಿತು, ಸತ್ತಳು. ಅದಕ್ಕೇನಂತೀರಿ?"

ಡಾಕ್ಟರಬಾಯಿ ಕೈ ತೊಳೆಯುತ್ತಿದ್ದಳು. "ಆ ಬಟ್ಟಲಕ್ಕಿಂತ ಮೊದಲ ಏನ ಉಣ್ಣಾಕತ್ತಿದ್ಲು?"

"ಅನ್ನಾ. ಮೆಣಸಿನ ನೀರು."

"ಎಷ್ಟ ದಿನಾ?"

"ಹದಿನೈದ ದಿನಾ."

ಡಾಕ್ಟರಬಾಯಿ ನಲ್ಲಿ ನಿಲ್ಲಿಸಿ ಟವೆಲಿಗೆ ಕೈ ಒರೆಸಿಕೊಂಡಳು. ಒಂದು ಸಲ ಸೋನಾಬಾಯಿಯ ಮುಖ ನೋಡಿ, ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು, ಚೀಟಿ ಬರೆಯಲು ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಸೋನಾಬಾಯಿಗೆ ಅನಿಸಿತು.

ದಿನ ಬಿಟ್ಟು ದಿನ ಗಾಯ ತೊಳೆಸಲು ಬರಬೇಕು, ಹೊತ್ತುಹೊತ್ತಿಗೆ ಗುಳಿಗೆ, ಹೊಟ್ಟೆ ತುಂಬ ಊಟ, ಎಂದು ಹೇಳಿ ಕಳಿಸಿದರು. ಜ್ವರ ಏರಿದರೆ ಆ ಕ್ಷಣ ಕರೆದುಕೊಂಡು ಬನ್ನಿ, ತಡ ಮಾಡಿದರೆ ಹುಡುಗಿ ಕೈಗೆ ಸಿಗುವುದಿಲ್ಲ ಎಂದೂ ನೇಮಿನಾಥನನ್ನು ಪಕ್ಕಕ್ಕೆ ಕರೆದು ಹೇಳಿದರು. ಅದು ಸೋನಾಬಾಯಿಗೂ ಕೇಳಿಸಿತು.

ಮನೆಗೆ ಬಂದಾಗ ಐದು ಗಂಟೆ. ಹೊತ್ತು ಮುಳುಗಿದರೆ ಆ ಮನೆಯಲ್ಲಿ ಮತ್ತೆ ತುತ್ತಿಲ್ಲ. ತ್ರಿಶಲಾಬಾಯಿ ಡಬ್ಬಿಯ ಕೀಲಿ ತೆಗೆದಳು, ಬೇಳೆ ತೊಳೆದಳು, ಕುಕ್ಕರಿನಲ್ಲಿ ಹಾಕಿ ನಾಲ್ಕು ಸೀಟಿ ಹೊಡೆಸಿದಳು. ಮುಚ್ಚಳ ತೆಗೆದಾಗ ಆವಿ ಎದ್ದಿತು, ಅಡುಗೆಮನೆಯೆಲ್ಲ ಬೆಂದ ತೊಗರಿಯ ವಾಸನೆ. ಬಟ್ಟಲಿಗೆ ಬಡಿಸಲು ಸೌಟು ಎತ್ತಿದವಳು ಅಲ್ಲೇ ನಿಂತಳು.

"ಸೋನಾಬಾಯಿ, ನನ್ನ ಕೈ ಏಳವಲ್ಲದು," ಎಂದಳು. "ಡಾಕ್ಟರ ಏನರ ಅನ್ನಲಿ, ಅವರ ಇವತ್ತ ಇರ್ತಾರ, ನಾಳೆ ಬದಲಿ ಆಗ್ತಾರ. ನೀ ಹೆತ್ತ ಮಗಳನ್ನ ಇದಕ್ಕ ಕಳಕೊಂಡಾಕಿ. ನಿನಗಿಂತ ಹೆಚ್ಚ ಯಾರಿಗೆ ಗೊತ್ತೈತಿ? ನೀ ಹೂಂ ಅನ್ನೂತನಕ ನಾ ಹಾಕೂದಿಲ್ಲ."

ಹೂಂ ಎನ್ನಲು ಎಷ್ಟು ಹೊತ್ತು ಬೇಕು? ಸೋನಾಬಾಯಿ ಸೌಟನ್ನೇ ನೋಡುತ್ತ ನಿಂತಳು. ಹೂಂ ಎಂದರೆ ಬೇಳೆಗೆ ವಿಷವಿಲ್ಲ ಎಂದಾಯಿತು. ಬೇಳೆಗೆ ವಿಷವಿಲ್ಲ ಎಂದರೆ ಲಗಮಣ್ಣನ ಬಟ್ಟಲು ದಾನೇಶ್ವರಿಯನ್ನು ಕೊಂದಿಲ್ಲ. ಆ ಬಟ್ಟಲು ಕೊಂದಿಲ್ಲವೆಂದರೆ ಹದಿನೈದು ದಿನ ಹಸಿವೆ ಹಸಿವೆ ಎಂದು ಅತ್ತ ಹುಡುಗಿಯನ್ನು ಕೊಂದವರು ಯಾರು? ಉಹೂಂ ಎಂದುಬಿಟ್ಟರೆ ಎಲ್ಲವೂ ಮೊದಲಿನ ಹಾಗೆಯೇ ಉಳಿಯುತ್ತದೆ. ತನ್ನ ಕಥೆ, ತನ್ನ ಹೆಸರು, ತನ್ನ ಸಿಟ್ಟು. ಒಳಮನೆಯಿಂದ ಕಾಜಲಳ ನರಳಿಕೆ ಕೇಳುತ್ತಿತ್ತು. ಕಿಟಕಿಯಲ್ಲಿ ಬಿಸಿಲು ಗೋಡೆ ಹತ್ತಿ ಕೆಂಪಾಗಿತ್ತು.

"ಹಾಕ್ರಿ," ಎಂದಳು.

ತ್ರಿಶಲಾಬಾಯಿ ಸೌಟಿನಿಂದ ಮೇಲಿನ ತಿಳಿಯನ್ನು ತೆಗೆದಳು.

"ತಿಳಿ ಬ್ಯಾಡ. ತಳದಾಂದು ಹಾಕ್ರಿ, ಗಟ್ಟಿದು. ಮ್ಯಾಲ ತುಪ್ಪಾ ಹಾಕ್ರಿ." ಬಟ್ಟಲನ್ನು ಅವಳ ಕೈಯಿಂದ ತಾನೇ ಕಿತ್ತುಕೊಂಡು ಒಳಗೆ ಹೋದಳು. ಕಾಜಲ ಬಟ್ಟಲು ನೋಡಿ ಹೆದರಿ, ಹಿಂದೆಯೇ ಬಂದ ತಾಯಿಯ ಮುಖ ನೋಡಿದಳು. "ಉಣ್ಣು ನನ್ನವ್ವ," ಎಂದು ಸೋನಾಬಾಯಿ ಮೊದಲ ತುತ್ತು ಬಾಯಿಗಿಟ್ಟಳು. ಹುಡುಗಿ ನುಂಗಿದಳು. ಎರಡನೆಯದಕ್ಕೆ ಅವಳೇ ಬಾಯಿ ತೆರೆದಳು. ಆಮೇಲೆ ಬಟ್ಟಲನ್ನೇ ಕೈಗೆ ತೆಗೆದುಕೊಂಡು ಬೆರಳಿನಿಂದ ಬಳಿದು ಬಳಿದು ಉಂಡಳು. ಆ ಹಸಿವೆಯನ್ನು ನೋಡಲಾರದೆ ಸೋನಾಬಾಯಿ ಕೂಸಿನ ಬಟ್ಟೆ ಒಗೆಯುವ ನೆಪ ಮಾಡಿ ಎದ್ದು ಹೋದಳು.

ಮುಂದೆ ಒಂದೂವರೆ ತಿಂಗಳು ಅವಳು ಆ ಮನೆ ಬಿಟ್ಟು ಬೇರೆ ಮನೆಗೆ ಹೋಗಲಿಲ್ಲ. ಮುಂಜಾನೆ ಹೆಸರುಬೇಳೆಯ ಪಾಯಸ, ಮಧ್ಯಾಹ್ನ ಗಟ್ಟಿ ಬೇಳೆ, ಶೇಂಗಾ ಚಟ್ನಿಪುಡಿ, ಹೊತ್ತು ಮುಳುಗುವ ಮುಂಚೆ ಹಾಲು. ಅಟ್ಟದ ಮೇಲಿನ ಅಂಟಿನ ಉಂಡೆಯ ಡಬ್ಬಿ ತಾನೇ ಇಳಿಸಿದಳು. ಕೈ ತೊಳೆಯದೆ ಯಾರನ್ನೂ ಹೊರಸಿನ ಹತ್ತಿರ ಬಿಡಲಿಲ್ಲ. ಆರು ದಿನಕ್ಕೆ ಜ್ವರ ಬಿಟ್ಟಿತು. ಹತ್ತು ದಿನಕ್ಕೆ ಕೀವು ನಿಂತಿತು. ಆಮೇಲೆ ಗಾಯದ ತಳದಲ್ಲಿ ದಾಳಿಂಬೆಯ ಕಾಳಿನ ಹಾಗೆ ಕೆಂಪು ಮಾಂಸ ಕಾಣಿಸಿಕೊಂಡಿತು. ತ್ರಿಶಲಾಬಾಯಿ ಬಸದಿಗೆ ಹೋಗಿ ಕೈಮುಗಿದು ಬಂದಳು. ಸೋನಾಬಾಯಿ ಮಾತ್ರ ಆ ಕೆಂಪನ್ನು ನೋಡಿದಾಗಲೆಲ್ಲ ಮುಖ ಆಚೆ ತಿರುಗಿಸುತ್ತಿದ್ದಳು. ಕಾಜಲ ಬದುಕಬೇಕು, ಅದಕ್ಕಾಗಿ ಅವಳು ಜೀವ ತೇಯುತ್ತಿದ್ದಳು. ಆದರೆ ಆ ಗಾಯ ಒಂದು ಎಳೆ ಕೂಡಿದರೆ ಮಗಳ ಸಾವು ಒಂದು ಹೆಜ್ಜೆ ತನ್ನ ಕಡೆ ಬರುತ್ತಿತ್ತು. ಮನೀಷಾಳ ಮನೆಯ ಮುಂದೆ ಹಾಯುವಾಗ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎನ್ನುತ್ತಾರೆ. ಯಾರು ಹೇಳಿದರೋ, ಅವರು ಸೋನಾಬಾಯಿಯನ್ನು ನೋಡಿರಲಿಲ್ಲ.

ಗಾಯಕ್ಕೆ ಇನ್ನು ಪಟ್ಟಿ ಬೇಡ ಎಂದು ಡಾಕ್ಟರಬಾಯಿ ಹೇಳಿದ ದಿನ ತ್ರಿಶಲಾಬಾಯಿ ಸೋನಾಬಾಯಿಗೆ ಉಡಿ ತುಂಬಿದಳು, ಹೊಸ ಸೀರೆ ಕೊಟ್ಟಳು. "ನಿನ್ನ ಕೈಗುಣಾ ಸೋನಾಬಾಯಿ. ನನ್ನ ಮಗಳನ್ನ ತಿರುಗಿ ಹೆತ್ತ ಕೊಟ್ಟಿ," ಎಂದು ಕೈ ಹಿಡಿದು ಅತ್ತಳು. ಸೋನಾಬಾಯಿ ಕೈ ಬಿಡಿಸಿಕೊಂಡಳು.

"ಸೀರಿ ಬ್ಯಾಡ್ರಿ ಅಕ್ಕಾರ. ಒಂದ ಮುಷ್ಟಿ ತೊಗರಿಬ್ಯಾಳಿ ಕೊಡ್ರಿ."

ಸೆರಗಿನಲ್ಲಿ ಬೇಳೆ ಗಂಟು ಹಾಕಿಕೊಂಡು ಮನೆಗೆ ಬಂದಳು. ಒಲೆ ಹೊತ್ತಿಸಿದಳು. ಬೇಳೆ ಬೇಯಿಸುವುದನ್ನು ಕೈ ಮರೆತಿತ್ತು, ನೀರು ಹೆಚ್ಚಾಯಿತು, ಉಕ್ಕಿ ಒಲೆಗೆ ಬಿತ್ತು. ಹೊತ್ತು ಮುಳುಗುವ ಹೊತ್ತಿಗೆ ಲಗಮಣ್ಣ ಹೊಲದಿಂದ ಬಂದ. ಹಿತ್ತಲಲ್ಲಿ ಕೆಸರುಗಾಲು ತೊಳೆದು ಬಾಗಿಲಿಗೆ ಬಂದವನು ವಾಸನೆ ಹಿಡಿದು, ಕಾಲು ಕಿತ್ತಿಡದೆ ಹೊಸ್ತಿಲಲ್ಲೇ ನಿಂತ.

"ಬರ್ರಿ. ಕುಂದರ್ರಿ. ಉಣ್ಣಾಕ ಹಾಕೀನಿ."

ಲಗಮಣ್ಣ ತಿರುಗಿ ಎಮ್ಮೆಯ ಕಡೆ ನೋಡಿದ. ಅದಕ್ಕೆ ಹೇಳಿದ್ದಿರಬೇಕು ಎಂದುಕೊಂಡ. ಎಮ್ಮೆ ಗೋದಲಿಯ ಪಕ್ಕ ಮಲಗಿತ್ತು. ಸೋನಾಬಾಯಿ ಅವನನ್ನೇ ನೋಡುತ್ತಿದ್ದಳು. ಅವನು ಬಂದು ಗಂಗಾಳದ ಮುಂದೆ ಕೂತ. ಗಂಗಾಳದಲ್ಲಿ ಅನ್ನ, ಅದರ ಮೇಲೆ ಹಳದಿ ಬೇಳೆ. ಅವನು ಕೈ ಇಡಲಿಲ್ಲ.

"ಬ್ಯಾಳಿಯಿಂದ ಅಲ್ಲಂತ್ರಿ," ಎಂದಳು ಸೋನಾಬಾಯಿ. "ದಾನವ್ವ ನಿಮ್ಮ ಬಟ್ಟಲದಿಂದ ಸಾಯಲಿಲ್ಲ. ಬ್ಯಾಳಿ ಉಂಡ್ರ ಗಾಯ ಕೂಡತೈತಿ. ನಾ ಕಣ್ಣಾರೆ ನೋಡೀನಿ, ಒಂದೂವರಿ ತಿಂಗಳ. ಅಕಿ ಹಸದ ಸತ್ತಾಳ. ನಾ ಉಪವಾಸ ಕೆಡವೀನಿ ಅಕಿನ್ನ. ನಿಮ್ಮದೇನೂ ತಪ್ಪಿಲ್ಲ. ಹತ್ತೊಂಬತ್ತ ವರ್ಷ ನಿಮ್ಮ ತಲಿಮ್ಯಾಲ ಹೊರಿಸೀನಿ. ನನ್ನ ಬಡೀರಿ, ಬೈಯ್ರಿ. ಏನರ ಅನ್ರಿ."

ಲಗಮಣ್ಣನ ಮುಖದಲ್ಲಿ ಸಿಟ್ಟು ಬರಲಿಲ್ಲ, ಹಗುರವೂ ಬರಲಿಲ್ಲ. ಹೆಂಡತಿಯ ಜೊತೆ ಮಾತಾಡಿ ರೂಢಿ ತಪ್ಪಿದ್ದ ದನಿ ತಡವರಿಸಿತು.

"ಅಕಿ ಪೂರಾ ಉಣಲಿಲ್ಲ," ಎಂದ. "ಅರ್ಧಾ ಬಟ್ಟಲ ಉಂಡ್ಲು. ಸಾಕಪ್ಪಾ, ಅವ್ವಗ ಗೊತ್ತಾದ್ರ ಅಳತಾಳ ಅಂತ ಉಳದದ್ದ ನನ್ನ ಕೈಗೆ ಕೊಟ್ಲು. ಹಸಿವಿ ಇತ್ತು ಅಕಿಗೆ. ಬಟ್ಟಲ ಕಡೆನ ನೋಡಾಕತ್ತಿದ್ಲು." ಅವನು ಗಂಗಾಳದ ಅಂಚು ಮುಟ್ಟಿದ. "ಉಳದ ಅರ್ಧಾ ನಾ ಉಂಡ್ನಿ."

ಸೋನಾಬಾಯಿ ಸೌಟನ್ನು ಕೆಳಗಿಟ್ಟಳು.

"ಇಷ್ಟ ದಿನಾ, ಆ ಅರ್ಧಾನೂ ಯಾಕ ಕೊಟ್ನಿ ಅಂತ ಅಳತಿದ್ನಿ," ಎಂದ ಲಗಮಣ್ಣ. "ಇನ್ನ ಮುಂದ, ಉಳದ ಅರ್ಧಾ ಯಾಕ ಉಂಡ್ನಿ ಅಂತ ಅಳಬೇಕಾತು."

ಗಂಗಾಳವನ್ನು ಮೆಲ್ಲಗೆ ಅವಳ ಕಡೆ ಸರಿಸಿ ಅವನು ಎದ್ದು ಹಿತ್ತಲಿಗೆ ಹೋದ. ಎಮ್ಮೆಗೆ ಏನೂ ಹೇಳಲಿಲ್ಲ. ಬೇಳೆ ಹಾಗೆಯೇ ಆರಿ, ಮೇಲೆ ಕೆನೆ ಕಟ್ಟಿತು.